ತಮಟೆ ಕಾಯಿಸಲು ಬೆಂಕಿ ಹುಡುಕುತ್ತಾ ಚಿಕಾಗೊ ನೋಡಿದ್ದು

ಸುಮ್ಮನೆ ಹೋಗಿ ಸುಮ್ಮನೆ ಬರುವುದು ಅನ್ನುವುದು ನಮ್ಮ ಮೂವರ ಹಣೆಯಲ್ಲಿ ಬರೆದೇ ಇಲ್ಲ. ಗೌರಿಬಿದನೂರಿಗೆ ಮದುವೆ ಬಾರಿಸಲು ಹೋದರೂ ಒಂದು ಪ್ರಸಂಗ, ಶಿಡ್ಲಘಟ್ಟದಲ್ಲಿ ಇಳಿದು ಟೀ ಕುಡಿದರೂ ಒಂದು ಪ್ರಸಂಗ. ಹಾಗಿರುವಾಗ ಅಮೆರಿಕದವರೆಗೂ ಹೋಗಿ ಬರಿಗೈಲಿ ಬಂದೇವೆಯೇ?

ಮೂವರು ಯಾರು ಅಂದರೆ, ಮೊದಲು ನಾನು. ಕೆಂಚಾರ್ಲಹಳ್ಳಿ ಕಡೆಯವನು. ಹಗಲು ಬೋರ್‌ವೆಲ್ ಮೋಟರ್ ರಿಪೇರಿ, ಮಿಕ್ಕಂತೆ ತಮಟೆ. ನನ್ನ ಹಾಗೆ ಬಾರಿಸುವವನು ಚಿಂತಾಮಣಿ ತಾಲ್ಲೂಕಿನಲ್ಲಿ ಇನ್ನೊಬ್ಬನೇ ಇರುವುದು, ಅವನು ನಮ್ಮ ದೊಡ್ಡಪ್ಪ. ಅರವತ್ತು ದಾಟಿದವನು, ನನಗೆ ಗುರು, ತಂಡಕ್ಕೆ ಯಜಮಾನ. ಮೂರನೆಯವನು ಚಿಂತಾಮಣಿ ಪೇಟೆಯ ನನ್ನ ಗೆಳೆಯ. ಅವರ ಮನೆಯಲ್ಲಿ ಮಾತು ಉರ್ದು, ಕಸುಬು ರೇಷ್ಮೆ ನೂಲು ತೆಗೆಯುವುದು. ಹಾಗಾಗಿ ನಮಗೆಲ್ಲ ಅವನು ‘ರೀಲರ್’. ಹತ್ತನೇ ವಯಸ್ಸಿನಿಂದ ದೊಡ್ಡಪ್ಪನ ಹಿಂದೆ ಬಿದ್ದು ತಮಟೆ ಕಲಿತವನು. ತಂಡದಲ್ಲಿ ಎಂಟು ಜನ ಇದ್ದೇವೆ, ವೀಸಾ ಸಿಕ್ಕಿದ್ದು ನಮ್ಮ ಮೂವರಿಗೆ.

ಕರೆಸಿದವರು ಚಿಕಾಗೊದ ಒಂದು ಕನ್ನಡ ಕೂಟದವರು. ಶನಿವಾರ ಸಂಕ್ರಾಂತಿ ಕಾರ್ಯಕ್ರಮ, ಅದಕ್ಕೂ ಮುಂಚೆ ಐದು ದಿನ ಊರು ನೋಡುವುದು. ಆದರೆ ಕೂಟದ ಕಾರ್ಯದರ್ಶಿ ಫೋನಿನಲ್ಲೇ ಒಂದು ಬಾಂಬು ಹಾಕಿದರು. ಇಲ್ಲಿಯ ಜನವರಿ ಚಳಿಗೆ ಚರ್ಮದ ತಮಟೆ ಏಳುವುದಿಲ್ಲ, ಹಾಲ್‌ನಲ್ಲಿ ಬೆಂಕಿ ಹಚ್ಚುವ ಹಾಗಿಲ್ಲ, ಪ್ಲಾಸ್ಟಿಕ್ ಹಾಳೆಯ ತಮಟೆ ಮೂರು ತರಿಸಿಟ್ಟಿದ್ದೇವೆ, ನೀವು ಕೈ ಬೀಸಿಕೊಂಡು ಬನ್ನಿ ಅಂದರು.

ಗೊತ್ತಿಲ್ಲದವರಿಗೆ ಒಂದು ಮಾತು. ತಮಟೆ ಅಂದರೆ ಕಬ್ಬಿಣದ ಬಳೆಗೆ ಬಿಗಿದ ಮೇಕೆ ಚರ್ಮ. ತೇವ ತಾಗಿದರೆ, ಥಂಡಿ ಹಿಡಿದರೆ ಅದು ಸಡಿಲವಾಗಿ ‘ದಬ್’ ಅನ್ನುತ್ತದೆ. ಅದಕ್ಕೇ ಬಾರಿಸುವ ಮುಂಚೆ ತರಗೆಲೆ, ಹುಲ್ಲು ಒಟ್ಟಿ ಬೆಂಕಿ ಹಾಕಿ ಕಾಯಿಸುತ್ತೇವೆ. ಕಾದ ತಮಟೆ ‘ಕಣ್’ ಅಂದರೆ ಮೂರು ಊರಾಚೆ ಕೇಳುತ್ತದೆ. ನಮ್ಮದು ನಾಲ್ಕು.

ದೊಡ್ಡಪ್ಪ ನನ್ನ ಕೈಯಿಂದ ಫೋನ್ ಇಸಿದುಕೊಂಡು ನಿಧಾನಕ್ಕೆ ಹೇಳಿದ. “ಸಾರ್, ನಲವತ್ತು ವರ್ಷದಿಂದ ಬಾರಿಸ್ತಿದೀನಿ, ಸ್ಟೇಜ್ ಹತ್ತಿಸಿದೋರು ಒಬ್ರೂ ಇಲ್ಲ. ನೀವೇ ಮೊದಲು. ನನ್ನ ಚರ್ಮ ಮಾತಾಡಿದ್ರೆ ಹತ್ತುತೀನಿ. ಪ್ಲಾಸ್ಟಿಕ್ ಬಡಿಯೋದಾದ್ರೆ ಕೆಳಗೆ ಕೂತು ಊಟ ಮಾಡ್ಕೊಂಡು ಬರ್ತೀನಿ.”

ಜನ ಚಿಕಾಗೊ ನೋಡಲು ಹೋಗುತ್ತಾರೆ, ಹೀಗಾಗಿ ನಾವು ಅಲ್ಲಿ ಬೆಂಕಿ ಹುಡುಕಲು ಹೋದೆವು.

೧. ಹುಣಸೇಹಣ್ಣಿನ ನಡುವೆ ತಾಲೀಮು

ನಂದಿಬೆಟ್ಟದ ಮಂಜಿನಲ್ಲಿ ಅಂಗಿ ಬಿಚ್ಚಿಕೊಂಡು ಓಡಾಡಿದವನು ನಾನು, ಚಳಿ ನನಗೇನು ಹೊಸದೇ? ಆದರೂ ತಮಟೆಗೆ ಅಭ್ಯಾಸವಾಗಲಿ ಅಂತ ಹೊರಡುವ ವಾರ ಮೂವರೂ ಚಿಂತಾಮಣಿ ಹೊರಗಿನ ಒಂದು ಕೋಲ್ಡ್ ಸ್ಟೋರೇಜಿಗೆ ಹೋದೆವು. ಹುಣಸೇಹಣ್ಣು ಇಡುವ ಜಾಗ ಅದು. ಅಲ್ಲಿಯ ಮೋಟರ್ ಕೆಲಸವೆಲ್ಲ ನನ್ನದೇ ಆದ್ದರಿಂದ ವಾಚ್‌ಮನ್ ಏನೂ ಕೇಳದೆ ಬಾಗಿಲು ತೆಗೆದ. ಥಂಡಿ ಆಚೆ ಹೋಗುತ್ತದೆ ಅಂತ ನಮ್ಮ ಬೆನ್ನ ಹಿಂದೆಯೇ ಹಾಕಿಯೂ ಬಿಟ್ಟ.

ಮೊದಲ ಹತ್ತು ನಿಮಿಷ ನಮ್ಮನ್ನು ಹಿಡಿಯುವವರಿರಲಿಲ್ಲ. ಮೂಟೆಗಳ ನಡುವೆ ನಿಂತು ಬಾರಿಸಿದ್ದೇ ಬಾರಿಸಿದ್ದು. ಅಮೆರಿಕ ಅಂದರೆ ಇಷ್ಟೇನಾ ಅಂತ ನಾನು ಕೇಳಿದೆ. ಹದಿನೈದನೇ ನಿಮಿಷಕ್ಕೆ ರೀಲರ್‌ನ ಹಲ್ಲು ತಮಟೆಗಿಂತ ಜೋರಾಗಿ ತಾಳ ಹಾಕತೊಡಗಿತು. ಸಾಕು ಅಂತ ಬಾಗಿಲ ಹತ್ತಿರ ಬಂದೆವು. ಒಳಗಿನ ಹಿಡಿ ಕಿತ್ತುಹೋಗಿತ್ತು. ಅದನ್ನು ನಾಳೆ ಸರಿ ಮಾಡಿಕೊಡುತ್ತೇನೆ ಅಂತ ಎರಡು ತಿಂಗಳಿಂದ ಹೇಳಿಕೊಂಡು ಬಂದವನು ಬೇರೆ ಯಾರೂ ಅಲ್ಲ, ನಾನೇ.

ಕೂಗಿದೆವು. ಅಷ್ಟು ದಪ್ಪ ಬಾಗಿಲಿಗೆ ಕೂಗು ಯಾವ ಲೆಕ್ಕ. ಇನ್ನೇನು ಮಾಡುವುದು, ಕೈಯಲ್ಲಿದ್ದದ್ದು ತಮಟೆ. ಪ್ರಾಣ ಹೋಗುವ ಹಾಗೆ ಬಾರಿಸಿದೆವು. ದೊಡ್ಡಪ್ಪ ಬೆಂಕಿ ಬಿದ್ದ ಊರಿಗೆ ಬಾರಿಸುವ ಹಾಗೆ ಬಾರಿಸಿದ. ನಾನು ಕಾಪಾಡಿ ಅನ್ನುವುದನ್ನೇ ತಾಳ ಮಾಡಿಕೊಂಡು ಬಡಿದೆ. ಬರಬರುತ್ತಾ ಚರ್ಮ ಸಡಿಲವಾಯಿತು, ಕೈ ಮರಗಟ್ಟಿತು, ಕೊನೆಗೆ ಎರಡು ಉಸಿರಿಗೆ ಒಂದು ಪೆಟ್ಟು ಬೀಳುತ್ತಿತ್ತು.

ಮುಕ್ಕಾಲು ಗಂಟೆ ಆದ ಮೇಲೆ ವಾಚ್‌ಮನ್ ತಾನಾಗಿಯೇ ಬಾಗಿಲು ತೆಗೆದ. ನಾವು ಮೂವರೂ ಮೂಟೆಗಳ ಹಾಗೆ ಆಚೆ ಉರುಳಿದೆವು. ಅವನು ಮಾತ್ರ ಭಕ್ತಿಯಿಂದ ನಿಂತಿದ್ದ. ಆಚೆಯಿಂದ ಎಲ್ಲಾ ಕೇಳಿಸಿಕೊಂಡೆ ಅಂದ, ಫೋನ್ ಮಾಡಿ ಓನರ್‌ಗೂ ಕೇಳಿಸಿದೆ ಅಂದ.

“ಜೋರಾಗಿ ಬಾರಿಸಿದ್ದು ಬಿಡಣ್ಣ, ಯಾರ್ ಬೇಕಾದ್ರೂ ಬಾರಿಸ್ತಾರೆ. ಕೊನೇಲಿ ನಿಧಾನಕ್ಕೆ, ನಿಧಾನಕ್ಕೆ ಬಾರಿಸಿದ್ರಲ್ಲ, ನಂಗೆ ಕಣ್ಣಲ್ಲಿ ನೀರು ಬಂತು.”

೨. ಬೆಂಕಿಯ ಚಿತ್ರ

ಒಣ ಚಳಿಗೆ ಚರ್ಮ ಬಿರಿಯುತ್ತದೆ ಅಂತ ಯಾರೋ ದೊಡ್ಡಪ್ಪನ ಕಿವಿಗೆ ಹಾಕಿದ್ದರು. ಅವನು ನಮಗೂ ಹೇಳದೆ ಮೂರು ತಮಟೆಗೂ ಒದ್ದೆ ಬಟ್ಟೆ ಸುತ್ತಿ ಪ್ಯಾಕ್ ಮಾಡಿದ್ದ. ಚಿಕಾಗೊ ಹೋಟೆಲಿನಲ್ಲಿ ಬಿಚ್ಚಿದರೆ ತಮಟೆಗಳು ನೆನೆಸಿಟ್ಟ ಕಡಲೆಕಾಳಿನ ಹಾಗೆ ಉಬ್ಬಿದ್ದವು. ಬೆರಳಲ್ಲಿ ತಟ್ಟಿದರೆ ಬೆರಳಿಗೂ ಕೇಳಿಸಲಿಲ್ಲ.

ಸೋಮವಾರ ಬೆಳಗ್ಗೆ ದೊಡ್ಡಪ್ಪ ಏದುಸಿರು ಬಿಡುತ್ತಾ ರೂಮಿಗೆ ಬಂದ. ಕೆಳಗೆ ಹೋಟೆಲಿನ ಹಜಾರದಲ್ಲಿ ಗೋಡೆಯೊಳಗೇ ಒಲೆ ಇದೆ, ಸೌದೆ ಧಗಧಗ ಉರಿಯುತ್ತಿದೆ, ಒಬ್ಬರೂ ಹತ್ತಿರ ಇಲ್ಲ ಅಂದ. ಮೂವರೂ ಓಡಿದೆವು. ದೊಡ್ಡಪ್ಪ ಒಲೆಯ ಮುಂದೆ ಮಂಡಿಯೂರಿ ಕೂತು, ತಮಟೆಯನ್ನು ಅತ್ತ ಇತ್ತ ತಿರುಗಿಸುತ್ತಾ ಐದು ನಿಮಿಷ ಕಾಯಿಸಿದ. ಆಮೇಲೆ ಕೈ ಚಾಚಿ ನೋಡಿದ. ಇನ್ನೂ ಚಾಚಿದ. ಗಾಜಿಗೆ ಅಂಗೈ ಇಟ್ಟ.

“ಇದೇನೋ ಇದು, ಬೆಂಕಿನೂ ತಣ್ಣಗಿದೆ.”

ನಾನು ಕರೆಂಟಿನ ಮನುಷ್ಯ, ಪಕ್ಕದಲ್ಲಿ ಇಣುಕಿದೆ. ಗೋಡೆಯ ಹಿಂದೆ ವೈರು ಹೋಗಿತ್ತು. ಅದು ಟಿ.ವಿ. ಸೌದೆಯೂ ಚಿತ್ರ, ಉರಿಯೂ ಚಿತ್ರ. ಚಳಿಯ ಊರಿನಲ್ಲಿ ಬೆಂಕಿಯ ಫೋಟೋ ಹಾಕಿಕೊಂಡು ಕೂತಿದ್ದಾರೆ, ಇವರಿಗೆ ನಾವು ಹೆದರಬೇಕಂತೆ.

ಆಗ ರೀಲರ್‌ಗೆ ಒಂದು ಐಡಿಯಾ ಬಂತು. ರೂಮಿನ ಬೀರುವಿನಲ್ಲಿ ಇಸ್ತ್ರಿ ಪೆಟ್ಟಿಗೆ ಇತ್ತು. ತಮಟೆ ಮೇಲೆ ತೆಳ್ಳನೆ ಬಟ್ಟೆ ಹಾಸಿ ರೇಷ್ಮೆ ಸೀರೆ ತೀಡುವ ಹಾಗೆ ನಾಜೂಕಾಗಿ ತೀಡುತ್ತೇನೆ ಅಂದ. ಎರಡು ಸಲ ತೀಡಿದ, ಹಬೆ ಎದ್ದಿತು, ಚರ್ಮ ಸ್ವಲ್ಪ ಬಿಗಿಯಿತು. ಹುರುಪು ಬಂದು ಬಟ್ಟೆ ತೆಗೆದು ನೇರವಾಗಿ ಇಟ್ಟ. ಚುರ್ ಅಂದಿತು. ತಮಟೆಯ ಮೇಲೆ ಇಸ್ತ್ರಿ ಪೆಟ್ಟಿಗೆಯ ಆಕಾರ ಅಚ್ಚಾಯಿತು, ಸುಟ್ಟ ವಾಸನೆ ರೂಮು ತುಂಬಿ ಆಚೆ ಹರಿಯಿತು.

ಬಾಗಿಲು ಬಡಿದ ಸದ್ದಾಯಿತು. ಮ್ಯಾನೇಜರೇ ಬಂದ ಅಂದುಕೊಂಡು ನಾನು ಎದೆ ಸೆಟೆಸಿಕೊಂಡು ತೆಗೆದೆ. ಪಕ್ಕದ ರೂಮಿನವನು. ಚಡ್ಡಿ ಹಾಕಿಕೊಂಡ ಭಾರಿ ಆಸಾಮಿ, ಮೂಗು ಮೇಲೆ ಮಾಡಿ ವಾಸನೆ ಎಳೆದುಕೊಳ್ಳುತ್ತಿದ್ದ. ಏನು ಸುಡುತ್ತಿದ್ದೀರೋ ಗೊತ್ತಿಲ್ಲ, ಬಹಳ ಚೆನ್ನಾಗಿದೆ, ಹೆಚ್ಚಿಗೆ ಇದ್ದರೆ ನನಗೂ ಒಂದು ಪ್ಲೇಟ್ ಸಿಗುತ್ತದಾ ಅಂತ ಕೇಳಿದ.

ನಾನು ದೊಡ್ಡಪ್ಪನಿಗೆ ಕನ್ನಡದಲ್ಲಿ ಹೇಳಿದೆ. ದೊಡ್ಡಪ್ಪ ತಮಟೆಯನ್ನು ಎದೆಗವಚಿಕೊಂಡ.

“ಕೊಡಕ್ಕೆ ನಂದೇನೂ ಅಡ್ಡಿಯಿಲ್ಲ. ಹನ್ನೆರಡು ವರ್ಷದಿಂದ ಬಡಿದಿರೋ ಚರ್ಮ ಕಣಪ್ಪ, ಬೇಯಲ್ಲ ಅಂತ ಹೇಳು.”

೩. ಕುದಿಯುವ ಕೆರೆ

ಮಂಗಳವಾರ ಕಾರ್ಯದರ್ಶಿ ನಮ್ಮನ್ನು ಕೆರೆಯ ದಂಡೆಗೆ ಕರೆದುಕೊಂಡು ಹೋದರು. ಅವರು ಕೆರೆ ಅನ್ನುತ್ತಾರೆ, ಆಚೆ ದಡ ಕಾಣುವುದಿಲ್ಲ. ಹೊರಡುವಾಗ ಎಲ್ಲರಿಗೂ ಕಿವಿ ಮುಚ್ಚುವ ಟೋಪಿ ಕೊಟ್ಟರು. ಮೈನಸ್ ಇಪ್ಪತ್ತು ಇದೆ, ಹಾಕಿಕೊಳ್ಳಲೇಬೇಕು ಅಂದರು. ನಾನು ಬೇಡ ಅಂದೆ. ಕೆಂಚಾರ್ಲಹಳ್ಳಿಯವನ ತಲೆ ಇದು, ಅದಕ್ಕೆ ಕವರ್ ಹಾಕುವ ಅಭ್ಯಾಸ ಇಲ್ಲ ಅಂದೆ.

ಕಾರಿನಿಂದ ಇಳಿದೆ. ಮೊದಲು ಮೂಗಿನೊಳಗಿನ ಕೂದಲು ಸೂಜಿ ಸೂಜಿಯಾಗಿ ನಿಂತವು. ಆಮೇಲೆ ಕಿವಿ ಎಲ್ಲಿದೆ ಅಂತ ತಿಳಿಯದೆ ಮುಟ್ಟಿ ನೋಡಿಕೊಂಡೆ. ಕಾರ್ಯದರ್ಶಿ ನನ್ನನ್ನೇ ನೋಡುತ್ತಿದ್ದರು. ಸೋಲೊಪ್ಪುವ ವಂಶ ನಮ್ಮದಲ್ಲ, ಅವರಿಗೆ ಕಾಣುವ ಹಾಗೆ ಮೀಸೆ ತಿರುವಿದೆ. ಮೂರು ಕೂದಲು ಕಡ್ಡಿಯ ಹಾಗೆ ಮುರಿದು ಕೈಗೆ ಬಂದವು. ಯಾರಿಗೂ ಕಾಣದ ಹಾಗೆ ಜೇಬಿಗೆ ಹಾಕಿಕೊಂಡೆ.

ಅಷ್ಟರಲ್ಲಿ ರೀಲರ್ ಕೂಗಿದ. ಕೆರೆಯ ತುಂಬಾ ದಟ್ಟವಾಗಿ ಹಬೆ ಏಳುತ್ತಿತ್ತು. ಅಂಚಿನಲ್ಲಿ ಮಂಜುಗಡ್ಡೆ, ನಡುವೆ ನೀರು, ನೀರಿನ ಮೇಲೆ ಆಳೆತ್ತರದ ಹಬೆ.

“ಭಾಯ್, ನೀರು ಕುದೀತಾ ಇದೆ. ಗೂಡು ಬೇಯ್ಸೋ ಬಾಣಲೆ ಥರಾನೇ ಹಬೆ ನೋಡು.”

ಅವನ ಮಾತು ತೆಗೆದುಹಾಕುವ ಹಾಗಿಲ್ಲ. ಹುಟ್ಟಿದಾಗಿನಿಂದ ಕುದಿಯುವ ನೀರಿನಲ್ಲಿ ರೇಷ್ಮೆಗೂಡು ಬೇಯಿಸಿ, ಅದರಲ್ಲೇ ಬೆರಳಾಡಿಸಿ ಎಳೆ ತೆಗೆದವನು. ಹಬೆ ನೋಡಿಯೇ ನೀರಿನ ಹದ ಹೇಳುತ್ತಾನೆ. ದೊಡ್ಡಪ್ಪನಿಗೂ ಆಸೆ ಹುಟ್ಟಿತು. ಅಷ್ಟು ಬಿಸಿ ಇದ್ದರೆ ಹಬೆಯ ಮೇಲೆ ತಮಟೆ ಹಿಡಿಯಬಹುದಲ್ಲ ಅಂತ ಚೀಲ ಬಿಚ್ಚತೊಡಗಿದ. ಅದು ಬಿಸಿಯ ಹಬೆಯಲ್ಲ, ಗಾಳಿ ನೀರಿಗಿಂತ ತಣ್ಣಗಿರುವುದರಿಂದ ಹಾಗೆ ಕಾಣುತ್ತದೆ ಅಂತ ಕಾರ್ಯದರ್ಶಿ ವಿವರಿಸಿದರು. ರೀಲರ್ ಅವರನ್ನು ಮರುಕದಿಂದ ನೋಡಿದ. ಪುಸ್ತಕ ಓದಿದವರಿಗೆ ನೀರಿನ ವಿಷಯ ಏನು ಗೊತ್ತು ಅನ್ನುವ ಹಾಗೆ.

ದಂಡೆಯ ಮೆಟ್ಟಿಲಿಳಿದ, ಕೈಗವಸು ಬಿಚ್ಚಿದ, ತೋಳು ಮಡಚಿದ. ಬಿಸಿನೀರಿಗೆ ಹೆದರುವ ಕೈ ಅಲ್ಲ ಇದು ಅಂತ ಎಲ್ಲರಿಗೂ ಒಂದು ಸಲ ತೋರಿಸಿದ. ಮೊಣಕೈವರೆಗೂ ಅದ್ದಿದ.

ಅವನ ಬಾಯಿ ತೆರೆಯಿತು, ಹಾಗೇ ನಿಂತಿತು. ಕಣ್ಣು ಎಲ್ಲೋ ಹೋಗಿತ್ತು. ನಾನೇ ಹೋಗಿ ತೋಳು ಹಿಡಿದು ಎಳೆದು, ಒರೆಸಿ, ನನ್ನ ಜಾಕೆಟ್ಟಿನೊಳಗೆ ತುರುಕಿಕೊಂಡೆ. ಬೆರಳಾಡುವಷ್ಟು ಕೈ ಬೆಚ್ಚಗಾದ ಮೇಲೆ ಅವನು ಮಾತಾಡಿದ. ಆಗಲೂ ಸೋಲಲಿಲ್ಲ ನೋಡಿ.

“ಗೂಡು ಹಾಕ್ಬೇಡ್ರಿ. ನೀರು ಇನ್ನೊಂಚೂರು ಕಾಯ್ಬೇಕು.”

೪. ಕುರ್ಚಿಗೂ ಒಂದು ನ್ಯಾಯ

ಬುಧವಾರ ಕಾರ್ಯದರ್ಶಿ ಮನೆಯಲ್ಲಿ ತಿಂಡಿ. ತಿಂದು ಹೊರಗೆ ಬಂದೆವು, ಅವರು ಕಾರಿನ ಕೀಲಿ ಮರೆತು ಒಳಗೆ ಹೋದರು. ರಸ್ತೆಯ ಎರಡೂ ಕಡೆ ಮಂಡಿಯುದ್ದ ಮಂಜು. ನಡುನಡುವೆ ಒಂದೊಂದು ಕಾರಿನಷ್ಟು ಜಾಗ ಶುಭ್ರವಾಗಿ ತೋಡಿ, ಅದರ ಮಧ್ಯೆ ಒಂದೊಂದು ಹಳೆಯ ಕುರ್ಚಿ ಇಟ್ಟಿದ್ದರು. ಕೆಲವು ಕಡೆ ಪೊರಕೆ, ಒಂದು ಕಡೆ ಇಸ್ತ್ರಿ ಮಾಡುವ ಹಲಗೆ.

ದೊಡ್ಡಪ್ಪ ಇದನ್ನು ನೋಡಿ ಬಹಳ ಮೆಚ್ಚಿಕೊಂಡ. ನಮ್ಮ ಕಡೆ ದಾರಿಹೋಕರು ಕೂರಲಿ ಅಂತ ಮನೆ ಮುಂದೆ ಜಗಲಿ ಕಟ್ಟುತ್ತಿದ್ದರು, ಇಲ್ಲಿ ಮಂಜು ತೆಗೆದು ಕುರ್ಚಿಯನ್ನೇ ಹಾಕಿದ್ದಾರೆ, ಒಳ್ಳೇ ಜನ ಅಂದ. ಹೋಗಿ ತಮಟೆ ತೊಡೆಯ ಮೇಲಿಟ್ಟುಕೊಂಡು ಕೂತೇಬಿಟ್ಟ.

ಒಂದು ಕಾರು ಬಂದು ಅವನ ಮುಂದೆ ನಿಂತಿತು. ಬಿಳಿ ಗಡ್ಡದ ಮನುಷ್ಯ ಗಾಜು ಇಳಿಸಿ ನೋಡಿದ. ದೊಡ್ಡಪ್ಪ ಅವನಿಗೆ ನಮಸ್ಕಾರ ಮಾಡಿದ. ಅವನು ಹಾರ್ನ್ ಮಾಡಿದ. ಇದು ಯಾಕೋ ಸರಿಯಿಲ್ಲ ಅಂತ ನಾನು ಮಧ್ಯೆ ಹೋದೆ. ಕುರ್ಚಿ ನನ್ನದು, ಜಾಗ ನನ್ನದು ಅಂದ ಅವನು. ರಸ್ತೆ ಸರ್ಕಾರದ್ದಲ್ಲವಾ ಅಂತ ನಾನೂ ದಬಾಯಿಸಿದೆ. ಊರಿನ ರಸ್ತೆ ನಿಜ, ಆದರೆ ಬೆಳಗ್ಗೆ ಎರಡು ಗಂಟೆ ಸಲಿಕೆ ಹಿಡಿದು ಮಂಜು ಬಾಚಿದವನು ನಾನು, ಬಾಚಿದವನು ಕುರ್ಚಿ ಇಟ್ಟು ಹೋದರೆ ಅದನ್ನು ಯಾರೂ ಮುಟ್ಟುವ ಹಾಗಿಲ್ಲ, ಇದು ಈ ಊರಿನ ಪದ್ಧತಿ ಅಂದ.

ರೀಲರ್ ತಲೆಯಾಡಿಸಿದ. ಬಸ್ಸಿನ ಕಿಟಕಿಯಲ್ಲಿ ಟವಲ್ ಹಾಕಿದ ಹಾಗೆ ಕಣೋ ಇದು ಅಂದ.

ನಾನು ಇನ್ನೂ ವಾದಕ್ಕೆ ರೆಡಿಯಾಗಿದ್ದೆ, ಆದರೆ ಎರಡು ಗಂಟೆ ಸಲಿಕೆ ಹಿಡಿದ ಅಂತ ಕೇಳಿದ್ದೇ ದೊಡ್ಡಪ್ಪ ಎದ್ದು ನಿಂತ. ಸಿಟ್ಟಿಗೆ ತೆಲುಗು ಬಂದು ನನಗೇ ಬೈದ. “ನೋರು ಮುಯ್ಯಿರಾ, ಸುಮ್ನಿರು. ಗೆಯ್ದೋನು ಕೂತ್ಕೊಂಡ್ರೆ ನ್ಯಾಯ. ಅವನದೇ ಅದು.” ಕುರ್ಚಿಯನ್ನು ತನ್ನ ಟವಲ್ಲಿನಿಂದ ಒರೆಸಿ, ಎರಡೂ ಕೈಯಲ್ಲಿ ಎತ್ತಿ ಅವನಿಗೆ ಒಪ್ಪಿಸಿದ. ಗಡ್ಡದವನು ಕರಗಿಹೋದ, ಏನಾದರೂ ಬೇಕಾ ಅಂತ ಕೇಳಿದ. ಬೆಂಕಿ ಬೇಕು ಅಂದೆ. ಜೇಬಿನಿಂದ ಸಿಗರೇಟ್ ಲೈಟರ್ ತೆಗೆದುಕೊಟ್ಟ. ಅದರಲ್ಲಿ ತಮಟೆ ಕಾಯಿಸಬೇಕಾದರೆ ಮುಂದಿನ ಸಂಕ್ರಾಂತಿ ಬರಬೇಕು.

ಆದರೆ ದೊಡ್ಡಪ್ಪನಿಗೆ ಆ ಪದ್ಧತಿ ಮನಸ್ಸಿಗೆ ನಾಟಿತು. ಮಧ್ಯಾಹ್ನ ನೆಲದೊಳಗಿನ ಒಂದು ಸ್ಟೇಷನ್ನಿನಲ್ಲಿ ನಿಂತಿದ್ದಾಗ ಕಿಕ್ಕಿರಿದ ಒಂದು ರೈಲು ಬಂತು. ಬಾಗಿಲು ತೆರೆದಿದ್ದೇ ತಡ, ಅವನು ಹೊರಗಿನಿಂದಲೇ ಹೆಗಲ ಮೇಲಿನ ಕೆಂಪು ಟವಲ್ ಬೀಸಿ ಖಾಲಿಯಾದ ಸೀಟಿಗೆ ಎಸೆದ. ಗುರಿ ತಪ್ಪುವ ಕೈಯಲ್ಲ. ನಾವು ಒಳಗೆ ಹೋಗುವಷ್ಟರಲ್ಲಿ ಆ ಸೀಟಿನಲ್ಲಿ ಯಾರೂ ಕೂತಿರಲಿಲ್ಲ. ಅಷ್ಟೇ ಅಲ್ಲ, ಬಲಗಡೆ ಇದ್ದವಳು ಎದ್ದಿದ್ದಳು, ಎಡಗಡೆ ಇದ್ದವನು ಮುಂದಿನ ಬೋಗಿಗೇ ಹೋಗಿದ್ದ.

ದೊಡ್ಡಪ್ಪ ಕಾಲು ಚಾಚಿ ಕೂತು ಅಂದ, ನಮ್ಮ ಬಸ್ಸಲ್ಲಿ ಒಂದು ಟವಲ್‌ಗೆ ಒಂದು ಸೀಟು, ಇಲ್ಲಿ ಮೂರು.

೫. ಕಲಿತೀರಿ ಬಿಡಿ

ಗುರುವಾರದ ಹೊತ್ತಿಗೆ ದೊಡ್ಡಪ್ಪ ಮಾತು ಕಮ್ಮಿ ಮಾಡಿದ್ದ. ಎರಡೇ ದಿನ ಉಳಿದಿತ್ತು, ತಮಟೆ ಹಾಗೇ ಸಪ್ಪಗಿತ್ತು. ಎಲ್ಲಿ ಹೋದರೂ ಅದನ್ನು ಹೆಗಲಿಗೆ ಹಾಕಿಕೊಂಡೇ ಬರುತ್ತಿದ್ದ, ಎಲ್ಲಾದರೂ ಬೆಂಕಿ ಸಿಕ್ಕೀತು ಅಂತ. ಹೋದಲ್ಲೆಲ್ಲ ಅದರ ಮೇಲೆ ಇನ್ನಷ್ಟು ಮಂಜು ಬಿದ್ದು ಕರಗುತ್ತಿತ್ತು. ಕಾರ್ಯದರ್ಶಿ ದಿನಕ್ಕೊಂದು ಸಲ ಪ್ಲಾಸ್ಟಿಕ್ ತಮಟೆಯ ಫೋಟೋ ಕಳಿಸುತ್ತಿದ್ದರು. ನೋಡಿ, ಬಣ್ಣವೂ ಚೆನ್ನಾಗಿದೆ ಅಂತ.

ಆ ದಿನ ನಮ್ಮನ್ನು ನೂರಕ್ಕಿಂತ ಹೆಚ್ಚು ಮಹಡಿಯ ಕಟ್ಟಡಕ್ಕೆ ಕಳಿಸಿದರು. ತುದಿಯಲ್ಲಿ ಗೋಡೆಯಿಂದ ಆಚೆಗೆ ಒಂದು ಗಾಜಿನ ಪೆಟ್ಟಿಗೆ ಚಾಚಿದ್ದಾರೆ. ನೆಲವೂ ಗಾಜು. ಅದರ ಮೇಲೆ ನಿಂತು ಕೆಳಗೆ ನೋಡಬೇಕು. ಅಂಬಾಜಿದುರ್ಗದ ಬಂಡೆ ಬರಿಗಾಲಲ್ಲಿ ಹತ್ತಿದವನು ನಾನು, ಗಾಜಿಗೆ ಹೆದರುತ್ತೇನೆಯೇ? ಹೋಗಿ ನಿಂತೆ. ಕಣ್ಣು ಮುಚ್ಚಿಕೊಂಡು ನಿಂತೆ ಅನ್ನುವುದು ಬೇರೆ ವಿಷಯ, ಆದರೆ ನಿಂತೆ.

ಆಕಾಶ ತಿಳಿಯಾಗಿತ್ತು, ಬಿಸಿಲು ನೇರ ಬೀಳುತ್ತಿತ್ತು. ಇಷ್ಟು ಎತ್ತರ ಬಂದಿದ್ದೇವೆ, ಸೂರ್ಯ ಇಷ್ಟು ಹತ್ತಿರ ಇದ್ದಾನೆ, ಸ್ವಲ್ಪವಾದರೂ ಕಾಯಲೇಬೇಕು ಅಂತ ದೊಡ್ಡಪ್ಪ ಚೀಲದಿಂದ ತಮಟೆ ತೆಗೆದು ಗಾಜಿಗೆ ಆನಿಸಿ ಹಿಡಿದ. ಚಿಕಾಗೊ ನೋಡಲು ಬಂದವರೆಲ್ಲ ದೊಡ್ಡಪ್ಪನನ್ನು ನೋಡಿದರು.

ಅಲ್ಲಿಯ ಸೆಕ್ಯುರಿಟಿಯವನು ಬಂದ. ಒಳ್ಳೆಯ ಮನುಷ್ಯ, ನಗುಮುಖ. ಇದೇನು, ವಾದ್ಯವಾ ಅಂತ ಕೇಳಿದ. ನಾನು ಬಿಡುತ್ತೇನೆಯೇ, ಎದೆಯುಬ್ಬಿಸಿ ಹೇಳಿದೆ. ಇವರು ನಮ್ಮ ಜಿಲ್ಲೆಗೇ ದೊಡ್ಡ ಕಲಾವಿದರು, ನಲವತ್ತು ವರ್ಷದ ಅನುಭವ, ಶನಿವಾರ ನಿಮ್ಮ ಊರಲ್ಲಿ ಬಾರಿಸುತ್ತಾರೆ ಅಂದೆ. ಹಾಗಾದರೆ ಚಿಕ್ಕದಾಗಿ ಒಂದು ಬಾರಿಸಿ ತೋರಿಸಲಿ ಅಂದ ಅವನು.

ನಾನು ಬೇಡ ಅನ್ನುವಷ್ಟರಲ್ಲಿ ದೊಡ್ಡಪ್ಪ ಕೋಲು ಎತ್ತಿದ್ದ. ಕಲಾವಿದ ಅಂದ ಮೇಲೆ ಹಿಂದೆ ಸರಿಯುವ ಮನುಷ್ಯನಲ್ಲ. ಬಾರಿಸಿದ. ದಬ್. ಇನ್ನೊಂದು. ದಬ್. ಯಾರೋ ದಿಂಬು ಕೊಡವಿದ ಹಾಗಿತ್ತು.

ಸೆಕ್ಯುರಿಟಿಯವನ ಮುಖದಲ್ಲಿ ಕರುಣೆ ತುಂಬಿತು. ದೊಡ್ಡಪ್ಪನ ಭುಜ ಎರಡು ಸಲ ಮೆಲ್ಲಗೆ ತಟ್ಟಿ ಏನೋ ಹೇಳಿ ಹೋದ.

ಏನಂದ ಅಂತ ದೊಡ್ಡಪ್ಪ ಕೇಳಿದ. ಭುಜ ತಟ್ಟಿದ್ದು ಇಲ್ಲಿ ಕೈ ಮುಗಿದ ಹಾಗೆ, ಬಹಳ ದೊಡ್ಡವರು ಅಂದ ಅಂತ ಹೇಳಿದೆ. ಸುಳ್ಳು ಬೊಗಳಬೇಡ, ಅದು ಮಕ್ಕಳಿಗೆ ತಟ್ಟುವ ತಟ್ಟು, ನಿಜ ಹೇಳು ಅಂದ. ವಿಧಿಯಿಲ್ಲದೆ ಹೇಳಿದೆ.

“ಬಿಡಬೇಡಿ, ಮುಂದುವರಿಸಿ ಅಂದ. ಅವನ ಮಗಳೂ ಹೋದ ತಿಂಗಳಷ್ಟೇ ಪಿಟೀಲಿಗೆ ಸೇರ್ಕೊಂಡಿದಾಳಂತೆ. ಮೊದಮೊದಲು ಹೀಗೇ ಇರುತ್ತಂತೆ.”

೬. ಸ್ಟೇಷನ್ನಿನಿಂದ ಬಾಗಿಲವರೆಗೆ

ಶನಿವಾರ ಮಧ್ಯಾಹ್ನ. ಕಾರ್ಯದರ್ಶಿಗೆ ನಮ್ಮನ್ನು ಕರೆದುಕೊಂಡು ಹೋಗಲು ಪುರುಸೊತ್ತಿಲ್ಲ. ಇಂಥ ಸ್ಟೇಷನ್ನಿನಲ್ಲಿ ಇಳಿದು ಮೆಟ್ಟಿಲು ಇಳಿದರೆ ಎದುರು ರಸ್ತೆಯಲ್ಲೇ ಹಾಲ್, ಬಂದುಬಿಡಿ, ನಿಮ್ಮ ಪ್ಲಾಸ್ಟಿಕ್ ತಮಟೆ ಸ್ಟೇಜಿನ ಮೇಲೇ ಇಟ್ಟಿದ್ದೇನೆ ಅಂದರು. ಆದರೂ ದೊಡ್ಡಪ್ಪ ತನ್ನ ತಮಟೆಯನ್ನೇ ಹೆಗಲಿಗೆ ಹಾಕಿಕೊಂಡ, ನಾವೂ ನಮ್ಮ ನಮ್ಮದನ್ನು ಹಾಕಿಕೊಂಡೆವು. ದಾರಿಯಲ್ಲಿ ನನಗೊಂದೇ ಮಾತು ಹೇಳಿದ. ಏನೇ ಆಗಲಿ ನೀವಿಬ್ಬರೂ ಬಾರಿಸಿ, ಕರೆಸಿದವರ ಮರ್ಯಾದೆ ಉಳಿಯಲಿ, ನಾನು ಕೆಳಗೆ ಕೂತು ನೋಡುತ್ತೇನೆ. ಮಂಗಳವಾರ ಬೇಡ ಅಂದಿದ್ದ ಟೋಪಿಯನ್ನು ಆಗ ಕಣ್ಣು ಮುಚ್ಚುವ ಹಾಗೆ ಎಳೆದುಕೊಂಡೆ. ಚಳಿಗೆ ಇರಬೇಕು.

ಅಲ್ಲಿ ರೈಲು ಕಂಬಗಳ ಮೇಲೆ ಓಡುತ್ತದೆ, ಸ್ಟೇಷನ್ನೂ ಮಹಡಿಯಷ್ಟು ಎತ್ತರದಲ್ಲಿ. ಇಳಿದೆವು, ಗಾಳಿ ಕಪಾಳಕ್ಕೆ ಹೊಡೆದ ಹಾಗೆ ಬೀಸಿತು. ಸೂರಿನ ಕೆಳಗೆ ಒಂದು ಕಡೆ ಹತ್ತು ಹದಿನೈದು ಜನ ಒಬ್ಬರಿಗೊಬ್ಬರು ಒತ್ತಿಕೊಂಡು ನಿಂತಿದ್ದರು. ಅವರ ತಲೆಯ ಮೇಲೆ ಕೆಂಪು ಬೆಳಕು. ನಮ್ಮ ಕಡೆ ಫಾರಂನಲ್ಲಿ ಕೋಳಿಮರಿಗಳು ಬಲ್ಬಿನ ಕೆಳಗೆ ಗುಂಪಾಗುವುದಿಲ್ಲವೇ, ಥೇಟ್ ಹಾಗೆ.

ನಾನು ತಲೆಯೆತ್ತಿ ನೋಡಿದೆ. ಮೋಟರ್ ವೈಂಡಿಂಗ್ ಮಾಡುವವನಿಗೆ ಹೇಳಿಕೊಡಬೇಕೇ? ಹೀಟರ್. ಸಾಲಾಗಿ, ನಿಗಿನಿಗಿ ಕಾಯುತ್ತಿದ್ದವು. ಗೋಡೆಯಲ್ಲಿ ಒಂದು ಬಟನ್, ಒತ್ತಿದರೆ ಹೊತ್ತಿಕೊಳ್ಳುತ್ತದೆ, ಸ್ವಲ್ಪ ಹೊತ್ತಿಗೆ ತಾನೇ ಆರುತ್ತದೆ.

ದೊಡ್ಡಪ್ಪನೂ ನೋಡಿದ. ಅಂಗೈ ಮೇಲಕ್ಕೆತ್ತಿ ಶಾಖ ನೋಡಿದ. ಈ ಬೆಂಕಿ ಚಿತ್ರವಲ್ಲ ಅಂತ ಖಾತ್ರಿಯಾದ ಮೇಲೆ ತಮಟೆ ಬಿಚ್ಚಿದ. ಆದರೆ ಹೀಟರ್ ಎತ್ತರದಲ್ಲಿತ್ತು, ಅವನು ಕಾಲ್ಬೆರಳಲ್ಲಿ ನಿಂತರೂ ಎಟುಕಲಿಲ್ಲ. ಪಕ್ಕದಲ್ಲಿ ಆರೂವರೆ ಅಡಿಯ ಒಬ್ಬ ನಿಂತಿದ್ದ. ಏನು ಎತ್ತ ಕೇಳದೆ ಕೈ ಚಾಚಿದ, ತಮಟೆ ಇಸಿದುಕೊಂಡು ಹೀಟರಿನ ಹತ್ತಿರ ಹಿಡಿದ. ದೊಡ್ಡಪ್ಪ ಕೆಳಗಿನಿಂದ ತಿರುಗಿಸು ಅಂತ ಬೆರಳು ಆಡಿಸುತ್ತಿದ್ದ, ಅವನು ರೊಟ್ಟಿ ತಿರುವಿದ ಹಾಗೆ ತಿರುವುತ್ತಿದ್ದ.

ಹೀಟರ್ ಆರಿತು. ಅದೇ ಹೊತ್ತಿಗೆ ಸ್ಟೇಷನ್ನಿನ ಕೆಲಸದ ಹೆಂಗಸು ಬಂದಳು. ದೊಡ್ಡ ಶರೀರ, ದೊಡ್ಡ ದನಿ, ಯೂನಿಫಾರಂ ಬೇರೆ. ಮುಗಿಯಿತು ಕಥೆ ಅಂದುಕೊಂಡೆ, ಆದರೂ ಹಿಂಜರಿಯದೆ ಎದುರು ನಿಂತು ಎಲ್ಲಾ ಹೇಳಿದೆ. ಚರ್ಮ, ಬೆಂಕಿ, ನಲವತ್ತು ವರ್ಷ, ಪ್ಲಾಸ್ಟಿಕ್, ಸ್ಟೇಜ್, ಎಲ್ಲಾ. ಅವಳು ದೊಡ್ಡಪ್ಪನ ಮುಖ ನೋಡಿದಳು. ಆಮೇಲೆ ಹೋಗಿ ಬಟನ್ ಒತ್ತಿದಳು. ಅಲ್ಲೇ ನಿಂತಳು. ಆರಿದಾಗಲೆಲ್ಲ ಒತ್ತಿದಳು.

ಎರಡು ರೈಲು ಬಂದು ಹೋದವು. ದೊಡ್ಡಪ್ಪ ಆಗಾಗ ತಮಟೆ ಇಳಿಸಿಕೊಂಡು ಬೆರಳಲ್ಲಿ ತಟ್ಟಿ ಕಿವಿಗೊಡುತ್ತಿದ್ದ, ಇನ್ನೂ ಅಂತ ಮತ್ತೆ ಮೇಲೆ ಕಳಿಸುತ್ತಿದ್ದ. ಒಂದಾದ ಮೇಲೊಂದು ಮೂರೂ ಕಾದವು. ಕೊನೆಗೆ ಅವನು ಬೆರಳಲ್ಲಿ ತಟ್ಟಿದಾಗ ನನ್ನ ಬೆನ್ನಿನ ಮೂಳೆಯಲ್ಲಿ ಕೇಳಿಸಿತು. ಕೋಲು ಎತ್ತಿ ಒಂದೇ ಪೆಟ್ಟು.

ಕಣ್.

ಸದ್ದು ಎದುರು ಕಟ್ಟಡಕ್ಕೆ ಬಡಿದು, ಅದರಾಚೆಯ ಕಟ್ಟಡಕ್ಕೆ ಬಡಿದು, ಊರೆಲ್ಲಾ ಸುತ್ತಿ ವಾಪಸ್ ಬಂತು. ನಾನೂ ರೀಲರೂ ಸೇರಿಕೊಂಡೆವು. ಯಾರೂ ಹೊರಡು ಅನ್ನಲಿಲ್ಲ, ಕಾಲು ತಾವೇ ಹೊರಟವು. ಬಾರಿಸುತ್ತಲೇ ಮೆಟ್ಟಿಲಿಳಿದು, ಮಂಜು ತುಳಿದು, ರಸ್ತೆ ದಾಟಿದೆವು. ಹಿಂದೆ ತಿರುಗಿ ನೋಡಿದರೆ ಆರೂವರೆ ಅಡಿಯವನೂ ಇನ್ನೂ ಐದಾರು ಜನವೂ ಕುಣಿಯುತ್ತಾ ಬರುತ್ತಿದ್ದರು. ತಮಟೆಯ ಹಿಂದೆ ಜನ ಬರುವುದಕ್ಕೆ ಭಾಷೆ ಬೇಡ.

ಹಾಲ್‌ನ ಗಾಜಿನ ಬಾಗಿಲು ಬಂತು. ಒಳಗೆ ಇನ್ನೂರು ಜನ, ರೇಷ್ಮೆ ಸೀರೆ, ಜರಿ ಪಂಚೆ. ಯಾರೋ ಬಾಗಿಲು ತೆರೆದು ಬನ್ನಿ ಬನ್ನಿ ಅಂತ ಕೈ ಮಾಡಿದರು. ದೊಡ್ಡಪ್ಪ ಒಳಗೆ ಹೋಗಲಿಲ್ಲ. ಹೊಸ್ತಿಲಿನ ಮುಂದೆ ಕಾಲೂರಿ ನಿಂತು ಬಾರಿಸುತ್ತಲೇ ಇದ್ದ. ಕೂಟದ ಕಾರ್ಯದರ್ಶಿ ಹಾಲ್ ಒಳಗಿನಿಂದಲೇ ನನಗೆ ಫೋನ್ ಮಾಡಿದರು. ಯಾಕೆ ನಿಂತಿರಿ, ಒಳಗೆ ಬನ್ನಿ ಅಂದರು. ನಾನು ದೊಡ್ಡಪ್ಪನ ಕಿವಿಗೆ ಹೇಳಿದೆ. ಅವನು ಕೈ ನಿಲ್ಲಿಸದೆ ಉತ್ತರ ಕೊಟ್ಟ.

“ಮದುವೆ ಗಂಡು ಬಂದ್ರೆ ಮನೆಯೋರು ಬಾಗಿಲಾಚೆ ಬಂದು ಎದುರುಗೊಳ್ತಾರೆ. ಗಂಡನ್ನ ಒಳಗೆ ಕರ್ಕೊಂಡು, ತಮಟೆಯೋನನ್ನ ಬಾಗಿಲಲ್ಲೇ ಬಿಡ್ತಾರೆ. ನಲವತ್ತು ವರ್ಷ ನೋಡಿದೀನಿ. ಇವತ್ತು ಕರೆಸಿರೋದು ನನ್ನ. ಎಲ್ರೂ ಆಚೆ ಬಂದು ಕರ್ಕೊಂಡು ಹೋಗ್ಲಿ.”

ಹಾಗೇ ಹೇಳಿದೆ. ಮೈನಸ್ ಇಪ್ಪತ್ತು ಇದೆ, ಎಲ್ಲರೂ ಬರೀ ರೇಷ್ಮೆಯಲ್ಲಿದ್ದಾರೆ ಅಂದರು ಕಾರ್ಯದರ್ಶಿ. ರೇಷ್ಮೆಯ ಊರಿನಿಂದ ಬಂದವರು ಸಾರ್ ನಾವು, ರೇಷ್ಮೆ ಬೆಚ್ಚಗಿರುತ್ತದೆ, ಬರಲಿ ಅಂದೆ.

ಒಂದು ನಿಮಿಷ ಏನೂ ಆಗಲಿಲ್ಲ. ಆಮೇಲೆ ಬಾಗಿಲು ಪೂರ್ತಿ ತೆರೆಯಿತು. ಮುಂದೆ ಕಾರ್ಯದರ್ಶಿ, ಪಕ್ಕದಲ್ಲಿ ಅವರ ಹೆಂಡತಿ ಆರತಿ ತಟ್ಟೆ ಹಿಡಿದು, ಹಿಂದೆ ಹಾಲ್‌ನಲ್ಲಿದ್ದ ಅಷ್ಟೂ ಜನ. ಕಾರ್ಯದರ್ಶಿ ದೊಡ್ಡಪ್ಪನ ಎದುರು ಬಂದು, ಎರಡೂ ಕೈ ಜೋಡಿಸಿ, ಒಳಗೆ ಬರಬೇಕು ಯಜಮಾನ್ರೇ ಅಂದರು. ದೊಡ್ಡಪ್ಪ ತಲೆಬಾಗಿ ಒಪ್ಪಿಕೊಂಡ. ಒಪ್ಪಿಕೊಂಡ ಅಷ್ಟೆ, ತಾಳ ಮುಗಿಯದೆ ನಿಲ್ಲಿಸುವುದು ನಮ್ಮಲ್ಲಿಲ್ಲ. ಪೂರ್ತಿ ಒಂದು ಸುತ್ತು ಬಾರಿಸಿದ. ಮೊದಲು ಮಕ್ಕಳು ಕುಣಿದರು, ಆಮೇಲೆ ಹೆಂಗಸರು, ಆಮೇಲೆ ಪಂಚೆಯವರು, ಕೊನೆಗೆ ಎಂಬತ್ತರ ಒಬ್ಬ ಅಜ್ಜಿ. ಆ ರಸ್ತೆಯಲ್ಲಿ ಸುಮ್ಮನೆ ನಿಂತಿದ್ದ ಒಂದು ಕಾಲೂ ಇರಲಿಲ್ಲ.

ಒಳಗೆ ಬಂದ ಮೇಲೆ ಕಾರ್ಯದರ್ಶಿ ಮೈಕ್ ಹಿಡಿದರು. ಉಬ್ಬಿ ಹೋಗಿದ್ದರು. ಇಷ್ಟು ವರ್ಷದಿಂದ ಕಾರ್ಯಕ್ರಮ ಮಾಡುತ್ತಿದ್ದೇವೆ, ಒಬ್ಬರೂ ಸೀಟಿನಿಂದ ಎದ್ದಿದ್ದಿಲ್ಲ, ಇವತ್ತು ಕುಣಿಯದ ಕಾಲೇ ಇಲ್ಲ, ಇದು ಅಪ್ಪಟ ಚರ್ಮದ ತಮಟೆಯ ಮಹಿಮೆ ಅಂತ ಭಾಷಣ ಶುರು ಮಾಡಿದರು. ಸ್ಟೇಜಿನ ಮೆಟ್ಟಿಲ ಹತ್ತಿರ ನಿಂತಿದ್ದ ದೊಡ್ಡಪ್ಪ ನನ್ನ ಕಿವಿಗೆ ಬಾಯಿ ತಂದ.

“ಆ ಚಳೀಲಿ ಊಟದ ತಟ್ಟೆ ಬಡಿದಿದ್ರೂ ಕುಣೀತಿದ್ರು ಕಣೋ, ಕುಣೀದೆ ನಿಂತಿದ್ರೆ ಸಾಯ್ತಿದ್ರು. ಅದು ಚಳಿ ಮಹಿಮೆ. ಇರು, ಈಗ ಬೆಚ್ಚಗೆ ಕೂತಿದಾರಲ್ಲ, ಈಗ ಎಬ್ಬಿಸ್ತೀನಿ. ಅದು ನಂದು.”

ಹಾಗಂದು ಸ್ಟೇಜ್ ಹತ್ತಿದ, ಅಲ್ಲಿದ್ದ ಪ್ಲಾಸ್ಟಿಕ್ ತಮಟೆಗಳನ್ನು ಕಾಲಿಗೆ ಅಡ್ಡ ಬರದ ಹಾಗೆ ಮರ್ಯಾದೆಯಿಂದ ಪಕ್ಕಕ್ಕಿಟ್ಟ, ಭಾಷಣದ ಅರ್ಧಕ್ಕೆ ಮೊದಲ ಪೆಟ್ಟು ಹಾಕಿದ. ಮೊದಲು ಕುಣಿದವರು ಕಾರ್ಯದರ್ಶಿ, ಮೈಕ್ ಕೈಯಲ್ಲಿ ಹಾಗೇ ಇತ್ತು.